ಸಗಣಿ ಸಾರಿಸಿದ ಕಣದಿಂದ ಡಾಂಬರು ರಸ್ತೆಗೆ

ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗೆ ದಾವಣಗೆರೆ ಜಿಲ್ಲೆಯ ಹಳ್ಳಿಗಾಡಿನಲ್ಲಿ ಸಂಚರಿಸುವವರಿಗೆ ಎಷ್ಟೋ ಕಡೆ ಅರ್ಧ ರಸ್ತೆ ಮಾತ್ರ ಸಿಗುತ್ತದೆ. ಉಳಿದರ್ಧ ಮೆಕ್ಕೆಜೋಳಕ್ಕೆ ಸೇರಿದ್ದು. ಕಾಳಿನ ಹಾಸಿನ ಅಂಚಿಗೆ ಸಾಲಾಗಿ ಇಟ್ಟ ಕಲ್ಲುಗಳು, ರಾತ್ರಿ ಕಾಯಲು ಹಾಕಿದ ಒಂದು ಮಂಚ, ಪಕ್ಕದಲ್ಲಿ ಮಡಿಚಿಟ್ಟ ಗೋಣಿಚೀಲಗಳು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಭತ್ತವೂ ಮೆಕ್ಕೆಜೋಳವೂ ಹೀಗೆ ಒಣಗುತ್ತವೆ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ರಾಗಿ, ಹುರುಳಿಯ ಕಂತೆಗಳನ್ನು ರಸ್ತೆಗೆ ಅಡ್ಡಲಾಗಿ ಹರಡುತ್ತಾರೆ. ಬಸ್ಸು, ಲಾರಿ, ಕಾರುಗಳು ಅದರ ಮೇಲೆ ಹಾಯ್ದು ಹೋದಂತೆ ಒಕ್ಕಣೆ ಪುಕ್ಕಟೆಯಾಗಿ ಮುಗಿಯುತ್ತದೆ.

ಇದರಿಂದಾಗುವ ಅಪಘಾತಗಳ ಬಗ್ಗೆ ಪ್ರತಿವರ್ಷ ಮಾತು ಕೇಳಿಬರುತ್ತದೆ. ಬೈಕುಗಳು ಜಾರುತ್ತವೆ, ಹುಲ್ಲು ಚಕ್ರಕ್ಕೆ ಸುತ್ತಿಕೊಂಡು ಕಾರುಗಳಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅಧಿಕಾರಿಗಳು ಎಚ್ಚರಿಕೆ ಕೊಡುತ್ತಾರೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಹಿಂದೆ ಭಾರತೀಯ ದಂಡ ಸಂಹಿತೆಯ 283ನೇ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅಪರಾಧ. ಆದರೆ ಆ ನೆಲದಿಂದ ಕಾಳಿಗೆ ಏನು ಅಂಟುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಕಣ ಎಂದರೆ ಏನಾಗಿತ್ತು, ಅದರ ಜಾಗಕ್ಕೆ ಬಂದ ಡಾಂಬರು ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ವರ್ಷಕ್ಕೊಂದು ಹೊಸ ನೆಲ

ನಮ್ಮ ಹಿರಿಯರ ಕಣ ಶಾಶ್ವತವಾದ ಕಟ್ಟಡವಲ್ಲ. ಹೊಲದ ಒಂದು ಎತ್ತರದ ಮೂಲೆಯನ್ನು ಆರಿಸಿ, ಕಳೆ ಕಿತ್ತು, ನೀರು ಚಿಮುಕಿಸಿ, ದನಗಳನ್ನು ಸುತ್ತು ಹೊಡೆಸಿ ನೆಲ ಗಟ್ಟಿ ಮಾಡುತ್ತಿದ್ದರು. ಮೇಲೆ ಗುಂಡು ಉರುಳಿಸಿ, ಸಗಣಿಯ ಬಗ್ಗಡದಿಂದ ಸಾರಿಸಿದರೆ ಬಿರುಕಿಲ್ಲದ, ಧೂಳೇಳದ ಹಾಸು ಸಿದ್ಧ. ನಡುವೆ ಮೇಟಿ ಕಂಬ ನಿಲ್ಲಿಸಿ, ಅದರ ಸುತ್ತ ಎತ್ತುಗಳಿಂದ ತುಳಿಸಿ ಅಥವಾ ರೋಣಗಲ್ಲು ಎಳೆಸಿ, ಗಾಳಿ ಬಂದ ಹೊತ್ತಿಗೆ ತೂರಿ, ರಾಶಿ ಮಾಡಿ, ಪೂಜೆ ಮುಗಿಸಿದ ಮೇಲೆಯೇ ಕಾಳು ಮನೆಗೆ. ಕಣದೊಳಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗಬಾರದೆಂಬ ಕಟ್ಟಳೆ ಇತ್ತು. ಅದನ್ನು ಬರಿಯ ಭಕ್ತಿ ಎಂದುಕೊಂಡವರೇ ಹೆಚ್ಚು. ಊರ ಕೊಚ್ಚೆ ಕಾಳಿಗೆ ಬರಬಾರದೆಂಬ ಲೆಕ್ಕಾಚಾರವೂ ಅದರಲ್ಲಿ ಇತ್ತೆಂದು ಊಹಿಸಿದರೆ ತಪ್ಪಾಗಲಾರದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಕಣ ಸುಗ್ಗಿ ಮುಗಿದ ಮೇಲೆ ಮತ್ತೆ ಮಣ್ಣಾಗುತ್ತಿತ್ತು. ಮುಂಗಾರು ಬಿದ್ದರೆ ನೇಗಿಲು ಅದರ ಮೇಲೂ ಹಾಯುತ್ತಿತ್ತು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ನಾಲ್ಕು ಹನಿ ಬಿದ್ದಿದ್ದರೂ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಕಾಲಕ್ರಮದಲ್ಲಿ ಒಡೆದು ಅರಗಿಸಿಬಿಡುತ್ತಿದ್ದವು. ಮರುವರ್ಷದ ಕಾಳಿಗೆ ಹೊಸ ನೆಲ, ಹೊಸ ಸಗಣಿ. ಟಾರು, ಸಿಮೆಂಟುಗಳ ನೆಲಕ್ಕೆ ಈ ಗುಣವಿಲ್ಲ. ಬಿದ್ದದ್ದು ಅಲ್ಲೇ ಇರುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತಲೂ ಹೋಗುತ್ತದೆ.

ಧೂಳಿಗೆ ಮದ್ದಾಗಿ ಬಂದ ಡಾಂಬರು

ಜಲ್ಲಿ ಒಡೆದು ಪದರ ಪದರವಾಗಿ ಹಾಸಿ ಗಟ್ಟಿಸುವ ರಸ್ತೆಯ ಕ್ರಮವನ್ನು 19ನೇ ಶತಮಾನದ ಆರಂಭದಲ್ಲಿ ರೂಢಿಗೆ ತಂದವನು ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ. ಎತ್ತಿನ ಗಾಡಿ, ಕುದುರೆ ಸಾರೋಟುಗಳಿಗೆ ಅದು ಸಾಕಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಕಾಲದಲ್ಲಿ ಬೆಳೆದ ರಸ್ತೆಗಳೂ ಡಾಂಬರು ಕಾಣದವೇ. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಈ ನಾಲ್ಕೂ ತಾಲೂಕುಗಳ ನೆಲ ಆಗ ಮೈಸೂರಿಗೆ ಸೇರಿತ್ತು. 1997ರಲ್ಲಿ ಹೊಸ ಜಿಲ್ಲೆ ಆಗುವ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲೂಕಾದದ್ದು ಆಮೇಲಿನ ಮಾತು.

ತೊಂದರೆ ಶುರುವಾದದ್ದು ಮೋಟಾರು ಬಂದ ಮೇಲೆ. ವೇಗವಾಗಿ ಓಡುವ ರಬ್ಬರು ಗಾಲಿ ಜಲ್ಲಿಯ ನಡುವಿನ ಪುಡಿಯನ್ನು ಎಬ್ಬಿಸಿ ಧೂಳಿನ ಮೋಡವನ್ನೇ ಹರಡುತ್ತಿತ್ತು. 1902ರಲ್ಲಿ ಮೊನಾಕೊದಲ್ಲಿ ಗುಗ್ಲಿಯೆಲ್ಮಿನೆಟ್ಟಿ ಎಂಬ ವೈದ್ಯ ಕಲ್ಲಿದ್ದಲಿನಿಂದ ಬರುವ ಟಾರನ್ನು ಕಾಯಿಸಿ ರಸ್ತೆಗೆ ಬಳಿಸಿದ. ಧೂಳು ನಿಂತಿತು. ಅವನಿಗೆ ‘ಡಾಕ್ಟರ್ ಟಾರು’ ಎಂಬ ಅಡ್ಡಹೆಸರೇ ಬಿತ್ತು. ಅದೇ ವರ್ಷ ಇಂಗ್ಲೆಂಡಿನ ಎಡ್ಗರ್ ಹೂಲಿ ಟಾರು ಮತ್ತು ಕಬ್ಬಿಣ ಕುಲುಮೆಯ ಕಿಟ್ಟವನ್ನು ಬೆರೆಸಿ ರಸ್ತೆ ಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದ. ಜನರ ಶ್ವಾಸಕೋಶ ಉಳಿಸಲೆಂದು ಒಬ್ಬ ವೈದ್ಯ ತಂದ ವಸ್ತು ಮುಂದೆ ವೈದ್ಯರ ತಲೆನೋವಾದದ್ದು ವಿಚಿತ್ರವೇ ಸರಿ.

ಹೊಗೆಗೊಳವೆ ಗುಡಿಸುವವರಿಗೆ ಬರುತ್ತಿದ್ದ ಒಂದು ಬಗೆಯ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಹೇಳಿದ್ದ. ಜಪಾನಿನ ಯಮಗಿವ, ಇಚಿಕಾವ ಎಂಬ ವಿಜ್ಞಾನಿಗಳು ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಬಳಿದು, ಅಲ್ಲಿ ಕ್ಯಾನ್ಸರ್ ಹುಟ್ಟಿದ್ದನ್ನು 1915ರ ಹೊತ್ತಿಗೆ ತೋರಿಸಿಕೊಟ್ಟರು. ಆ ಟಾರಿನೊಳಗಿನ ಅಪರಾಧಿ ಯಾರು ಎಂದು ಹುಡುಕಿದ ಲಂಡನ್ನಿನ ಸಂಶೋಧಕರು 1933ರಲ್ಲಿ ಬೇರ್ಪಡಿಸಿದ ವಸ್ತುವೇ ಬೆಂಜೊಪೈರೀನ್. ಇದ್ದಿಲು, ಎಣ್ಣೆ, ಸೌದೆ ಅರೆಬರೆ ಉರಿದಾಗಲೆಲ್ಲ ಹುಟ್ಟುವ ದೊಡ್ಡದೊಂದು ಸಂಸಾರದ ಸದಸ್ಯ ಅದು. ಆ ಸಂಸಾರದ ಉದ್ದನೆಯ ಹೆಸರು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್, ಚಿಕ್ಕದಾಗಿ ಪಿಎಎಚ್.

ನಮ್ಮಲ್ಲಿ ರಸ್ತೆಗಳ ವಿಚಾರಕ್ಕೆ ಜಯಕರ್ ಸಮಿತಿ ನೇಮಕವಾದದ್ದು 1927ರಲ್ಲಿ. ಅದರ ಫಲವಾಗಿ 1929ರಲ್ಲಿ ಕೇಂದ್ರ ರಸ್ತೆ ನಿಧಿ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬಂದವು. ಹಳ್ಳಿಗಳ ಒಳದಾರಿಗೆ ಡಾಂಬರು ಮುಟ್ಟಿದ್ದು ಬಹಳ ತಡವಾಗಿ. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಅದರಲ್ಲಿ ದೊಡ್ಡ ಹೆಜ್ಜೆ. ರಸ್ತೆ ಊರ ಬಾಗಿಲಿಗೆ ಬಂದ ಕಾಲಕ್ಕೇ ಕಣಗಳು ಕಣ್ಮರೆಯಾಗುತ್ತಿದ್ದವು. ಹೊಲಗಳು ಅಣ್ಣತಮ್ಮಂದಿರಲ್ಲಿ ಪಾಲಾದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಸಗಣಿ ಅಪರೂಪವಾಯಿತು. ಭದ್ರಾ ನೀರು ಹರಿದಲ್ಲಿ ಕಣದ ಮೂಲೆಗೂ ಅಡಿಕೆ ಸಸಿ ಬಿತ್ತು.

‘ಡಾಂಬರು’ ಎಂಬ ನಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಅಡಗಿವೆ. ಕಲ್ಲಿದ್ದಲಿನಿಂದ ಬರುವ ಟಾರು ಒಂದು, ಕಚ್ಚಾ ತೈಲದ ತಳದಲ್ಲಿ ಉಳಿಯುವ ಬಿಟುಮಿನ್ ಇನ್ನೊಂದು. ನೋಡಲು ಎರಡೂ ಕಪ್ಪು, ಎರಡೂ ಅಂಟು. ಆದರೆ ವಿಷದ ಲೆಕ್ಕದಲ್ಲಿ ಅಜಗಜಾಂತರ. ಅಮೆರಿಕದಲ್ಲಿ ವಾಹನ ನಿಲ್ದಾಣಗಳ ಮೇಲೆ ಬಳಿಯುವ ಕಪ್ಪು ಲೇಪವನ್ನು ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಪರೀಕ್ಷಿಸಿದಾಗ, ಟಾರಿನ ಲೇಪದಲ್ಲಿ ಪೆಟ್ರೋಲಿಯಂ ಮೂಲದ ಲೇಪಕ್ಕಿಂತ ಸುಮಾರು 1000 ಪಟ್ಟು ಪಿಎಎಚ್ ಇರುವುದು ಕಂಡಿತು. ಟೆಕ್ಸಾಸಿನ ಆಸ್ಟಿನ್ ನಗರ 2006ರಲ್ಲಿ ಆ ಲೇಪವನ್ನು ನಿಷೇಧಿಸಿತು. ಇಂದು ನಮ್ಮ ರಸ್ತೆಗಳಿಗೆ ಹಾಕುವುದು ಮುಖ್ಯವಾಗಿ ಬಿಟುಮಿನ್. ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದಲ್ಲೂ ಅದು ತಯಾರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕಲ್ಲಿದ್ದಲ ಟಾರಿನ ರಾಳವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ರಸ್ತೆ ಕೆಲಸದಲ್ಲಿ ಬಿಸಿ ಬಿಟುಮಿನ್ನಿನ ಹೊಗೆ ಕುಡಿಯುವುದನ್ನು ‘ಇರಬಹುದು’ ಎಂಬ ಕೆಳಗಿನ ದರ್ಜೆಯಲ್ಲಿ ಇಟ್ಟಿದೆ. ಹೀಗಾಗಿ ಡಾಂಬರೇ ವಿಷ ಎಂದು ಹೆದರಿಸುವುದು ಸರಿಯಲ್ಲ. ಹೆಚ್ಚಿನ ಕೇಡು ಡಾಂಬರಿನ ಮೇಲೆ ಬಿದ್ದದ್ದರಲ್ಲಿ ಇದೆ.

ರಸ್ತೆಯ ಮೇಲೆ ಏನೇನಿದೆ

ಮೊದಲನೆಯದು ಎಣ್ಣೆ. ಲಾರಿ, ಟ್ರ್ಯಾಕ್ಟರುಗಳಿಂದ ತೊಟ್ಟಿಕ್ಕುವ ಹಳೆಯ ಎಂಜಿನ್ ಆಯಿಲ್‌ನಲ್ಲಿ ಹೊಸ ಎಣ್ಣೆಗಿಂತ ಪಿಎಎಚ್ ಎಷ್ಟೋ ಹೆಚ್ಚು, ಜತೆಗೆ ಸವೆದ ಲೋಹದ ಪುಡಿ. ಎಣ್ಣೆಗೂ ಬಿಟುಮಿನ್‌ಗೂ ಹತ್ತಿರದ ನಂಟು. ಎರಡೂ ಒಂದೇ ಕುಲದವು. ಆದ್ದರಿಂದ ಬಿದ್ದ ಡೀಸೆಲ್ ರಸ್ತೆಯೊಳಕ್ಕೇ ಕರಗಿ ಅದನ್ನು ಮೆತ್ತಗೆ ಮಾಡುತ್ತದೆ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಒಂದು ದರ್ಜೆಯ ಬಿಟುಮಿನ್ ಮೆತ್ತಗಾಗಲು ತೊಡಗಬೇಕಾದ ಉಷ್ಣತೆ ಕನಿಷ್ಠ 47 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಬಿಸಿಲಿಗೆ ಕಪ್ಪು ನೆಲ ಗಾಳಿಗಿಂತ ಬಹಳ ಬೇಗ ಕಾಯುತ್ತದೆ. ಹೊಸ ಡಾಂಬರಿನ ಮೇಲೆ, ಡೀಸೆಲ್ ಚೆಲ್ಲಿದ ಕಡೆ ಕಾಳು ಹರಡಿದರೆ ಅಂಟು ಮೆತ್ತುವುದು ಇದರಿಂದಲೇ.

ಎರಡನೆಯದು ಸೀಸ. ಎಂಜಿನ್ ಬಡಿತ ತಡೆಯಲು ಪೆಟ್ರೋಲಿಗೆ ಸೀಸ ಬೆರೆಸಬಹುದೆಂದು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದ. ಅದು ಹೊಗೆಯಾಗಿ ಹೊರಬಂದು ಲೋಕದ ರಸ್ತೆಬದಿಗಳಲ್ಲೆಲ್ಲ ಕುಳಿತುಕೊಂಡಿತು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರುವರಿಯಲ್ಲಿ ನಿಂತಿತು. ಕಡೆಯದಾಗಿ ಆಲ್ಜೀರಿಯ ಕೈಬಿಟ್ಟದ್ದು 2021ರಲ್ಲಿ. ಸೀಸ ಮೂಲಧಾತು, ಕೊಳೆಯುವುದಿಲ್ಲ. ಹಳೆಯ ಹೆದ್ದಾರಿಗಳ ಅಂಚಿನ ಮಣ್ಣಿನಲ್ಲಿ ಅಂದಿನದು ಇಂದಿಗೂ ಉಳಿದಿರುತ್ತದೆ. ಆದರೆ ಡೀಸೆಲಿಗೆ ಸೀಸ ಬೆರೆಸುತ್ತಿರಲಿಲ್ಲ. ಬಸ್ಸು, ಲಾರಿ, ಟ್ರ್ಯಾಕ್ಟರುಗಳಷ್ಟೇ ಓಡಾಡುತ್ತಿದ್ದ ಹಳ್ಳಿ ರಸ್ತೆಗಳಿಗೆ ಈ ಭಾರ ಕಡಿಮೆ ಎನ್ನುವುದು ಸಮಾಧಾನದ ಮಾತು.

ಮೂರನೆಯದು ಟೈರಿನ ಪುಡಿ. ಗಾಲಿ ಸವೆದಷ್ಟೂ ರಸ್ತೆಗೆ ಬೀಳುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದುದು ಬಹುಕಾಲ ಒಗಟಾಗಿತ್ತು. ಟೈರು ಬಿರಿಯದಂತೆ ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಝೋನಿನೊಡನೆ ಬೆರೆತು ಆಗುವ ವಸ್ತು ಇದಕ್ಕೆ ಕಾರಣವೆಂದು 2020ರಲ್ಲಿ ಗೊತ್ತಾಯಿತು. ಚಕ್ರದಡಿಯಲ್ಲೇ ಒಕ್ಕಣೆ ಮಾಡುವವರು ಇದನ್ನು ಮರೆಯುವಂತಿಲ್ಲ.

ಹಾಗಾದರೆ ರೈತ ಅವಿವೇಕಿಯೇ? ಖಂಡಿತ ಅಲ್ಲ. ಕಟಾವಾದ ಮೆಕ್ಕೆಜೋಳದಲ್ಲಿ ತೇವಾಂಶ ಎಷ್ಟೋ ಸಲ ಶೇ 20ನ್ನು ಮೀರಿರುತ್ತದೆ. ಅದನ್ನು ಶೇ 14ಕ್ಕೆ ಇಳಿಸದಿದ್ದರೆ ಬೆಂಬಲ ಬೆಲೆಯ ಗುಣಮಟ್ಟಕ್ಕೆ ಅದು ನಿಲ್ಲದು. ಬೆಲೆಗಿಂತ ದೊಡ್ಡ ಭಯವೂ ಇದೆ. ಹಸಿ ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1974ರಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಸುರಿದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ರಾಜಸ್ಥಾನ, ಗುಜರಾತುಗಳ ಗಡಿಯ ಬನ್ಸ್‌ವಾಡ, ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ರಸ್ತೆಯ ಕೊಳೆಗಿಂತ ಒಣಗದ ಕಾಳು ಅಪಾಯಕಾರಿ. ಬಿಸಿಲು ಕಾಯಿಸಿದ ಕಪ್ಪು ರಸ್ತೆ ಆ ಅಪಾಯವನ್ನು ತಪ್ಪಿಸುತ್ತದೆ ಎಂಬ ಕಾರಣಕ್ಕೇ ರೈತ ಅಲ್ಲಿಗೆ ಬಂದಿದ್ದಾನೆ. ಬೇರೆ ನೆಲ ಕೊಡದೆ ‘ರಸ್ತೆ ಬಿಡಿ’ ಎನ್ನುವ ಎಚ್ಚರಿಕೆ ಅದಕ್ಕೇ ಪ್ರತಿವರ್ಷ ಸೋಲುತ್ತದೆ.

ಈ ಸೀಮೆಯ ಇನ್ನೊಂದು ಬೆಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಚನ್ನಗಿರಿ ಅಡಿಕೆಯ ನಾಡು. ಸುಲಿದು, ಬೇಯಿಸಿ, ಚೊಗರು ಕೊಟ್ಟ ಕೆಂಪಡಿಕೆಯ ಬೆಲೆ ಅದರ ಬಣ್ಣದಲ್ಲಿದೆ. ಅಡಿಕೆಯ ಒಗರು ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ, ಎಣ್ಣೆಯ ವಾಸನೆ ಹಿಡಿದರೆ ಕೊಳ್ಳುವವರಿಲ್ಲ. ಹೀಗಾಗಿ ಅಡಿಕೆಗೆ ಸಿಮೆಂಟಿನ ಅಂಗಳ, ತಾರಸಿ, ಹಾಸಲು ಬಲೆ. ಮೈಮೇಲೆ ಕಲೆ ಕಾಣಿಸದ ಮೆಕ್ಕೆಜೋಳಕ್ಕೆ ರಸ್ತೆ. ‘ಕೋಳಿ ತಾನೆ ತಿನ್ನುವುದು’ ಎಂಬ ಮಾತೂ ಇದೆ. ಪಿಎಎಚ್‌ಗಳನ್ನು ಕೋಳಿಯ ದೇಹ ಬಹುಮಟ್ಟಿಗೆ ಒಡೆದು ಹೊರಹಾಕುತ್ತದೆ, ನಿಜ. ಸೀಸ ಹಾಗಲ್ಲ, ಮೂಳೆಗೆ ಹೋಗಿ ಸೇರುತ್ತದೆ. ಇನ್ನು ರಾಗಿ, ಹುರುಳಿ, ಭತ್ತಗಳನ್ನು ತಿನ್ನುವವರು ನಾವೇ.

ಸಿಮೆಂಟ್ ಅಂಗಳದ ಗುಟ್ಟು

ಸಿಮೆಂಟಿನ ನೆಲವಾದರೆ ನಿಶ್ಚಿಂತೆ ಎಂದುಕೊಳ್ಳುವುದೂ ತಪ್ಪು. ಕಾಂಕ್ರೀಟಿನ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ದ್ರವ ಅದರೊಳಗೆ ಇಳಿದು ಕುಳಿತು, ಬಿಸಿಲೇರಿದಾಗ ಮೇಲೆ ಬರುತ್ತದೆ. ಅನೇಕ ಮನೆಗಳಲ್ಲಿ ಒಂದೇ ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ, ಮೋಟಾರ್ ರಿಪೇರಿ ಆಗುತ್ತದೆ, ಔಷಧಿ ಕಲಸುವುದೂ ಅಲ್ಲೇ, ಸುಗ್ಗಿಯಲ್ಲಿ ಕಾಳು ಹರಡುವುದೂ ಅಲ್ಲೇ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಮೈಲುತುತ್ತ, ಸುಣ್ಣಗಳ ಆ ನೀಲಿ ಕಲೆಯಲ್ಲಿರುವ ತಾಮ್ರವೂ ಕೊಳೆಯದ ಧಾತುವೇ. ಆದರೆ ಅದಕ್ಕಿಂತ ಹೆದರಬೇಕಾದದ್ದು ಆಮೇಲೆ ಬಂದ ಕೀಟನಾಶಕಗಳಿಗೆ.

ಒಂದೇ ನೆಲದ ಮೇಲೆ ವಿಷವನ್ನೂ ಆಹಾರವನ್ನೂ ಇಡುವುದರ ಫಲ ಏನೆಂದು ದೇಶ 1958ರಲ್ಲಿ ಕಂಡಿದೆ. ಹಡಗಿನಲ್ಲಿ ಗೋಧಿ ಹಿಟ್ಟಿನ ಮೂಟೆಗಳ ಜತೆಯಲ್ಲೇ ಸಾಗಿಸಿದ ಫಾಲಿಡಾಲ್ ಸೋರಿ, ಆ ಹಿಟ್ಟಿನ ಅಡುಗೆ ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣಾ ಆಯೋಗ ಕೂತಿತು. 1968ರ ಕೀಟನಾಶಕ ಕಾಯ್ದೆಯ ಹಿಂದೆ ಇರುವುದು ಆ ಸಾವುಗಳು.

ಔಷಧಿ ಚೆಲ್ಲಿದಾಗ ನಮ್ಮ ಕೈ ಮೊದಲು ಹೋಗುವುದು ಬಕೆಟ್ ನೀರಿಗೆ. ಮಾಡಬಾರದ ಮೊದಲ ಕೆಲಸವೇ ಅದು. ನೀರು ವಿಷವನ್ನು ಹರಡುತ್ತದೆ, ರಂಧ್ರಗಳ ಒಳಕ್ಕೆ ಇಳಿಸುತ್ತದೆ, ಉಳಿದದ್ದನ್ನು ಚರಂಡಿ, ಕಾಲುವೆಗೆ ಒಯ್ಯುತ್ತದೆ. ಮಕ್ಕಳು, ಕೋಳಿ, ನಾಯಿಗಳನ್ನು ದೂರವಿಟ್ಟು, ಕೈಗೆ ರಬ್ಬರ್ ಚೀಲ ಹಾಕಿಕೊಂಡು ಒಣಮಣ್ಣು, ಬೂದಿ ಅಥವಾ ಗರಗಸದ ಹೊಟ್ಟನ್ನು ದಪ್ಪಗೆ ಸುರಿಯಬೇಕು. ಅದು ಹೀರಿಕೊಂಡ ಮೇಲೆ ಧೂಳೇಳದಂತೆ ಗುಡಿಸಿ ಚೀಲಕ್ಕೆ ತುಂಬಬೇಕು. ಆಮೇಲೆ ವಾಷಿಂಗ್ ಸೋಡಾ ಕದಡಿದ ಸ್ವಲ್ಪವೇ ನೀರು ಹಾಕಿ ಕೆಲಹೊತ್ತು ಬಿಟ್ಟು, ಮತ್ತೆ ಮಣ್ಣಿಗೆ ಹೀರಿಸಬೇಕು. ಆರ್ಗನೋಫಾಸ್ಫೇಟ್ ಗುಂಪಿನ ಹಲವು ಕೀಟನಾಶಕಗಳು ಕ್ಷಾರಕ್ಕೆ ಒಡೆಯುತ್ತವೆ. ಎಲ್ಲವೂ ಒಡೆಯುವುದಿಲ್ಲ, ಡಬ್ಬದ ಮೇಲಿನ ಚೀಟಿ ಓದುವುದು ಅಗತ್ಯ. ಬ್ಲೀಚಿಂಗ್ ಪುಡಿಯನ್ನು ತಾವಾಗಿಯೇ ಬೆರೆಸುವ ಪ್ರಯೋಗ ಬೇಡ. ಖಾಲಿ ಡಬ್ಬಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂಬುದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಗುಡಿಸಿದ ಮಣ್ಣನ್ನೂ ಬಾವಿ, ಕೆರೆ, ಕಾಲುವೆಗಳಿಂದ ದೂರವೇ ಇಡಬೇಕು. ಇಷ್ಟು ಮಾಡಿದರೂ ಆ ಮೂಲೆಯಲ್ಲಿ ಮುಂದೆ ಕಾಳು ಹರಡಬಾರದು.

ಎಣ್ಣೆಯದಾದರೆ ಕೆಲಸ ಸುಲಭ. ಗರಗಸದ ಹೊಟ್ಟನ್ನೋ ಬೂದಿಯನ್ನೋ ಒಂದು ರಾತ್ರಿ ಹಾಗೇ ಬಿಟ್ಟು ಗುಡಿಸಿ, ಸೋಪಿನ ಪುಡಿ ಹಾಕಿ ತಿಕ್ಕಿದರೆ ಸಿಮೆಂಟಿನ ಮೇಲಿನದು ಬಹುಪಾಲು ಹೋಗುತ್ತದೆ. ಡಾಂಬರಿನ ಮೇಲೆ ಈ ಉಪಾಯ ಅರ್ಧಕ್ಕೇ ನಿಲ್ಲುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ತೊಳೆದರಂತೂ ಡಾಂಬರೇ ಕರಗುತ್ತದೆ. ಡೀಸೆಲ್ ಚೆನ್ನಾಗಿ ಇಳಿದ ಭಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಹಾಕುವುದೊಂದೇ ದಾರಿ.

ರಸ್ತೆಯನ್ನೇ ನೆಚ್ಚಿಕೊಳ್ಳಬೇಕಾದವರಿಗೆ ಕಾಳಿಗೂ ನೆಲಕ್ಕೂ ನಡುವೆ ಒಂದು ಟಾರ್ಪಾಲು ಇರಲೇಬೇಕು. ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ಇದನ್ನು ಹಂಚುತ್ತ ಬಂದಿದೆ. (ಟಾರು ಬಳಿದ ಕ್ಯಾನ್ವಾಸಿನಿಂದಲೇ ಇದಕ್ಕೆ ಆ ಹೆಸರು ಬಂದದ್ದು; ಈಗಿನದು ಪ್ಲಾಸ್ಟಿಕ್, ಟಾರು ಉಳಿದಿರುವುದು ಹೆಸರಿನಲ್ಲಿ ಮಾತ್ರ.) ಇದು ಎಣ್ಣೆ, ಅಂಟುಗಳನ್ನು ತಡೆಯುತ್ತದೆ; ಲಾರಿಯ ಹೊಗೆಯನ್ನು ತಡೆಯದು. ಹೀಗಾಗಿ ಹೆದ್ದಾರಿಗಿಂತ ಊರೊಳಗಿನ ಕಡಿಮೆ ಓಡಾಟದ ದಾರಿ ಮೇಲು. ಒಣಗಿದ ಕಾಳನ್ನು ಜರಡಿ ಹಿಡಿದು ತೂರಿದರೆ ಧೂಳಿಗೆ ಅಂಟಿದ ಲೋಹ, ಟೈರಿನ ಪುಡಿ ಸಾಕಷ್ಟು ಹೋಗುತ್ತವೆ. ಎಣ್ಣೆ ಕುಡಿದ ಕಾಳು ಮಾತ್ರ ತೊಳೆದರೂ ಶುದ್ಧವಾಗದು.

ನಿಜವಾದ ಪರಿಹಾರ ಊರಿಗೊಂದು ಕಣ. ನರೇಗಾ ಯೋಜನೆಯಡಿ ರಾಜ್ಯದ ಅನೇಕ ಕಡೆ ಒಕ್ಕಣೆ ಕಣಗಳನ್ನು ಕಟ್ಟಲಾಗಿದೆ. ಆದರೆ ಸುಗ್ಗಿ ಎರಡು ಮೂರು ತಿಂಗಳ ಮಾತು. ಉಳಿದ ಕಾಲ ಖಾಲಿ ಬಿದ್ದ ಸಿಮೆಂಟ್ ನೆಲ ಯಾರಿಗೆ ಬೇಡ? ಟ್ರ್ಯಾಕ್ಟರ್ ನಿಲ್ಲಿಸುವವರು, ಒಕ್ಕಣೆ ಯಂತ್ರದ ಗ್ರೀಸು ಬದಲಿಸುವವರು, ಗೊಬ್ಬರದ ಮೂಟೆ ಇಳಿಸುವವರು ತಾವಾಗಿಯೇ ಬರುತ್ತಾರೆ. ಕಣ ಕಟ್ಟುವ ಗ್ರಾಮ ಪಂಚಾಯಿತಿ ಅದರ ಬಾಯಿಗೆ ಒಂದು ಸರಪಳಿಯನ್ನೂ ಹಾಕಿಸಿ, ಬೀಗದ ಕೈಯನ್ನು ಒಬ್ಬರ ಬಳಿ ಇಟ್ಟರೆ, ಡಿಸೆಂಬರಿನಲ್ಲಿ ಅಲ್ಲಿ ಕಾಳು ಹರಡಬಹುದು.